ಡಿಪ್ಪಾ, ಸಪರೇಟಾ? ನಿಮ್ಮ ಸರ್ವರ್ ಕೇಳದೆಯೇ ತೀರ್ಮಾನಿಸುವ ಸಂಗತಿಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹೊಸ ವಿಂಡೋಸ್ ಹಾಕಲು ಆಗದ ಹಳೇ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿ ಹಾಗೇ ಉಳಿದವು. ಬಿಸಾಡಲು ಮನಸ್ಸಿಲ್ಲ, ಬಳಸಲು ಧೈರ್ಯವಿಲ್ಲ. ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿ ಮನೆಯ ಸರ್ವರ್, ಅಂದರೆ ಸದಾ ಆನ್ ಇದ್ದು ಮನೆಯ ಫೋನು, ಟಿವಿಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರ್, ಮಾಡಿಕೊಳ್ಳುವವರು ಈಗ ಜಾಸ್ತಿ. ಮಕ್ಕಳ ಫೋಟೋ ಇಡಲು ಇಮ್ಮಿಚ್, ಸಿನಿಮಾ ನೋಡಲು ಜೆಲ್ಲಿಫಿನ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್.

ನಾನೂ ಹಾಗೇ ಮಾಡಿದೆ. ಎಲ್ಲ ಚೆನ್ನಾಗಿ ಓಡಿತು. ಖುಷಿಯಿಂದ ಮುಚ್ಚಳ ಮುಚ್ಚಿ ಲ್ಯಾಪ್‌ಟಾಪನ್ನು ಕಪಾಟಿನ ಮೇಲಿಟ್ಟೆ. ಐದು ನಿಮಿಷ ಬಿಟ್ಟು ಫೋನಿನಿಂದ ನೋಡಿದರೆ ಸರ್ವರ್ ನಾಪತ್ತೆ. ಕೆಳಗಿಳಿಸಿ ಮುಚ್ಚಳ ತೆರೆದರೆ ಏನೂ ಆಗದವರ ಹಾಗೆ ಎದ್ದು ಕೂತಿತು. ಮುಚ್ಚಿದೆ, ಮತ್ತೆ ಮಾಯ.

ಯಂತ್ರದ್ದೇನೂ ತಪ್ಪಿರಲಿಲ್ಲ. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕ ತಂತ್ರಾಂಶ ಇರುತ್ತದೆ. ಮುಚ್ಚಳ ಮುಚ್ಚಿದರೆ ಏನು ಮಾಡಬೇಕು ಅಂತ ನೀವು ಹೇಳದಿದ್ದರೆ ಅದು ಯಂತ್ರವನ್ನು ಮಲಗಿಸುತ್ತದೆ. ಬ್ಯಾಗಿನಲ್ಲಿ ಹೊತ್ತು ತಿರುಗುವ ಲ್ಯಾಪ್‌ಟಾಪಿಗೆ ಅದು ಸರಿಯಾದ ಉತ್ತರ. ಕಪಾಟಿನ ಮೇಲೆ ಕೂತು ಹಗಲಿರುಳು ದುಡಿಯಬೇಕಾದ ಸರ್ವರ್‌ಗೆ ಪೂರ್ತಿ ತಪ್ಪು ಉತ್ತರ. ನಾವು ಬಾಯಿ ಬಿಡದಿದ್ದಾಗ ಯಂತ್ರ ತಾನೇ ಆರಿಸಿಕೊಳ್ಳುವ ಇಂಥ ಉತ್ತರಕ್ಕೆ ಡೀಫಾಲ್ಟ್ ಎನ್ನುತ್ತಾರೆ. ಸರ್ವರ್‌ಗೆ ತಕ್ಕ ಡೀಫಾಲ್ಟ್‌ಗಳನ್ನು ಹೇಗೆ ಆರಿಸುತ್ತಾರೆ ಅನ್ನೋದು ಈ ಲೇಖನದ ವಿಷಯ.

ಸಕ್ಕರೆ ಹಾಕಿದ ಕಾಫಿ

ದರ್ಶಿನಿಗೆ ಹೋಗಿ "ಒಂದು ಕಾಫಿ" ಅನ್ನಿ. ಸಕ್ಕರೆ ಹಾಕಿಯೇ ಕೊಡುತ್ತಾರೆ. ಬೇಡದಿದ್ದರೆ ನೀವೇ ಬಾಯಿಬಿಟ್ಟು ಹೇಳಬೇಕು. ಇದು ಡೀಫಾಲ್ಟ್. ಬಹಳ ಜನ ಸಕ್ಕರೆ ಹಾಕಿಕೊಂಡೇ ಕುಡಿಯುತ್ತಾರೆ, ಪ್ರತಿಯೊಬ್ಬರನ್ನೂ ಕೇಳುತ್ತಾ ಕೂತರೆ ಕ್ಯೂ ಬೀದಿಗೆ ಬರುತ್ತದೆ.

ಅದೇ ದರ್ಶಿನಿಯಲ್ಲಿ ಇಡ್ಲಿ ವಡೆ ಕೇಳಿದರೆ ಪ್ರಶ್ನೆ ಬರುತ್ತದೆ: "ಸಾಂಬಾರ್ ಡಿಪ್ಪಾ, ಸಪರೇಟಾ?" ಎಷ್ಟೇ ರಶ್ ಇರಲಿ, ಇದನ್ನು ಮಾತ್ರ ಕೇಳುತ್ತಾರೆ. ಯಾಕೆ? ಒಂದು, ಜನ ಎರಡೂ ಥರ ಇದ್ದಾರೆ. ಇನ್ನೊಂದು, ಒಮ್ಮೆ ಮುಳುಗಿಸಿದ ವಡೆಯನ್ನು ಮತ್ತೆ ಗರಿಗರಿ ಮಾಡಲು ಆಗುವುದಿಲ್ಲ. ಸಪರೇಟ್ ಕೊಟ್ಟರೆ ಬೇಕಾದವರು ತಾವೇ ಮುಳುಗಿಸಿಕೊಳ್ಳಬಹುದು.

ಸರ್ವರ್‌ನ ಡೀಫಾಲ್ಟ್ ಬರೆಯುವವರು ನಿಜವಾಗಿ ಮಾಡುವುದು ಇದೇ ಲೆಕ್ಕ. ಈ ಆಯ್ಕೆ ತಪ್ಪಾದರೆ ಹಿಂದಕ್ಕೆ ತರಬಹುದೇ? ತಪ್ಪಾದದ್ದು ತಕ್ಷಣ ಗೊತ್ತಾಗುತ್ತದೆಯೇ, ಅಥವಾ ಆರು ತಿಂಗಳ ನಂತರ ಫೋಟೋಗಳೆಲ್ಲ ಹೋದ ಮೇಲೆ ಗೊತ್ತಾಗುತ್ತದೆಯೇ? ಬಹುಪಾಲು ಜನ ಸೆಟ್ಟಿಂಗ್ ಫೈಲನ್ನು ತೆರೆದೇ ನೋಡುವುದಿಲ್ಲ. ಹಾಗಾಗಿ ಡೀಫಾಲ್ಟ್ ಬರೆಯುವುದೆಂದರೆ ಆ ಫೈಲ್ ತೆರೆಯದವರ ಪರವಾಗಿ ತೀರ್ಮಾನ ಮಾಡುವುದು.

ಇಡೀ ಯಂತ್ರ, ಒಂದು ಫೈಲ್

ಉದಾಹರಣೆಗೆ ನಿಕ್ಸ್‌ಓಎಸ್ ಎಂಬ ಲಿನಕ್ಸನ್ನು ತೆಗೆದುಕೊಳ್ಳೋಣ. ಬೇಕಾದ ಹಾಗೆ ತಿದ್ದಿಕೊಳ್ಳಬಹುದಾದ ಲಿನಕ್ಸ್‌ಗಳಲ್ಲಿ ಇದರ ರೀತಿಯೇ ಬೇರೆ. ಇದರ ಬೇರು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿದೆ. ಎಲ್ಕೊ ಡೋಲ್‌ಸ್ಟ್ರಾ ಅಲ್ಲಿ 2003ರಲ್ಲಿ ಇದಕ್ಕೆ ಆಧಾರವಾದ, ತಂತ್ರಾಂಶಗಳನ್ನು ಅಳವಡಿಸುವ ನಿಕ್ಸ್ ಎಂಬ ಸಾಧನದ ಕೆಲಸ ಶುರು ಮಾಡಿದರು, 2006ರಲ್ಲಿ ಅದರ ಮೇಲೆ ಪಿಎಚ್‌ಡಿ ಪ್ರಬಂಧ ಬರೆದರು. ಈಗ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ.

ಸಾಮಾನ್ಯ ಲಿನಕ್ಸ್‌ನಲ್ಲಿ ಸೆಟ್ಟಿಂಗ್‌ಗಳು ಹತ್ತಾರು ಫೈಲುಗಳಲ್ಲಿ ಚದುರಿರುತ್ತವೆ. ಹೋದ ವರ್ಷ ಎಲ್ಲಿ ಏನು ತಿದ್ದಿದ್ದೆ ಅಂತ ಈ ವರ್ಷ ನೆನಪಿರುವುದಿಲ್ಲ. ನಿಕ್ಸ್‌ಓಎಸ್‌ನಲ್ಲಿ ಯಂತ್ರ ಹೇಗಿರಬೇಕು ಅನ್ನುವುದನ್ನು ಒಂದೇ ಫೈಲಿನಲ್ಲಿ ಬರೆಯಬಹುದು. ಬೇಕಾದರೆ ಅದನ್ನೇ ಕೆಲವು ಫೈಲುಗಳಾಗಿ ಒಡೆದು ಜೋಡಿಸಿಕೊಳ್ಳಬಹುದು. ಮದುವೆ ಅಡುಗೆಗೆ ಸಾಮಾನಿನ ಪಟ್ಟಿ ಬರೆದುಕೊಟ್ಟ ಹಾಗೆ. ನೀವು ಪಟ್ಟಿ ಕೊಡುತ್ತೀರಿ, ಅದು ಅಡುಗೆ ಮಾಡುತ್ತದೆ. ಪಟ್ಟಿ ಬದಲಿಸಿದರೆ ಹೊಸ ವ್ಯವಸ್ಥೆಯನ್ನೇ ಕಟ್ಟುತ್ತದೆ, ಹಳೆಯದನ್ನು ಪಕ್ಕದಲ್ಲಿ ಹಾಗೇ ಇಟ್ಟಿರುತ್ತದೆ. ಕೆಟ್ಟರೆ ಬೂಟ್ ಆಗುವಾಗ, ಅಂದರೆ ಯಂತ್ರ ಆನ್ ಆಗಿ ಏಳುವಾಗ, ಮೆನುವಿನಲ್ಲಿ ಹಳೆಯದನ್ನು ಆರಿಸಿಕೊಂಡರಾಯಿತು.

ಆದರೆ ಪಟ್ಟಿಯಲ್ಲಿ ಬರೆಯದೇ ಬಿಟ್ಟದ್ದು? ಅಲ್ಲೇ ಡೀಫಾಲ್ಟ್ ಬರುವುದು. ನಿಕ್ಸ್‌ಓಎಸ್‌ನಲ್ಲಿ ತಿದ್ದಬಹುದಾದ ಆಯ್ಕೆಗಳು ಸಾವಿರಾರು. ನಾವು ಬರೆಯುವುದು ಹೆಚ್ಚೆಂದರೆ ನೂರು ಸಾಲು. ಉಳಿದದ್ದೆಲ್ಲ ಬೇರೆಯವರ ತೀರ್ಮಾನ. ಆ ಡೀಫಾಲ್ಟ್‌ಗಳೂ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಸರ್ವರ್ ಎಲ್ಲಕ್ಕೂ ನಡುಮಧ್ಯದಲ್ಲಿ ನಿಂತವು. ಸರ್ವರ್‌ಗೆಂದೇ ಮೇಲಿನಿಂದ ಇನ್ನೊಂದು ಪದರ ಬೇಕು ಅಂತ ಅನ್ನಿಸಿದವರು ಸೆಟ್ಟಿಂಗ್‌ಗಳ ಕೆಲವು ಸಿದ್ಧ ಕಟ್ಟುಗಳನ್ನು ಬರೆದಿದ್ದಾರೆ. ನಿಕ್ಸ್‌ಓಎಸ್‌ನ ಒಳಗೇ 'ಹೆಡ್‌ಲೆಸ್' ಎಂಬ ಚಿಕ್ಕ ಕಟ್ಟು ಇದೆ, ಅಂದರೆ ಪರದೆ ಇಲ್ಲದ ಯಂತ್ರಕ್ಕೆ ತಕ್ಕದ್ದು. ನಿಕ್ಸ್ ಸಮುದಾಯದ 'ಎಸ್‌ಆರ್‌ವಿಓಎಸ್' ಎಂಬ ಯೋಜನೆ ಅದಕ್ಕಿಂತ ದೊಡ್ಡದು.

ಬಾಗಿಲು ತೆರೆದಿರಬೇಕೋ, ಮುಚ್ಚಿರಬೇಕೋ

ಇಂಟರ್ನೆಟ್ಟಿಗೆ ನೇರವಾಗಿ ಸಿಗುವ ಯಂತ್ರವೆಂದರೆ ಹೈವೇ ಪಕ್ಕದ ಮನೆ. ಅದಕ್ಕೆ ಪೋರ್ಟ್ ಎಂಬ 65,535 ಬಾಗಿಲುಗಳಿವೆ. ಯಾವ ಬಾಗಿಲು ತೆರೆದಿರಬೇಕು ಅಂತ ನೋಡಿಕೊಳ್ಳುವ ಕಾವಲುಗಾರನೇ ಫೈರ್‌ವಾಲ್.

ಇಲ್ಲಿ ಒಂದೊಂದು ಲಿನಕ್ಸ್ ಒಂದೊಂದು ದಾರಿ ಹಿಡಿದಿದೆ. ಉಬುಂಟು ಸರ್ವರ್‌ನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಬಂದೇ ಇರುತ್ತದೆ, ಆದರೆ ಆಫ್ ಆಗಿರುತ್ತದೆ. ಕಾವಲುಗಾರನಿಗೆ ಯೂನಿಫಾರಂ ಕೊಟ್ಟು ಡ್ಯೂಟಿ ಕೊಡದ ಹಾಗೆ. ನಿಕ್ಸ್‌ಓಎಸ್‌ನಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಆನ್. "ಇದ್ದೀಯಾ?" ಅಂತ ಹೊರಗಿನಿಂದ ಕೇಳುವ ಪಿಂಗ್‌ಗೆ ಉತ್ತರ ಕೊಡುತ್ತದೆ, ಮಿಕ್ಕ ಬಾಗಿಲು ಬಂದ್.

ಎಲ್ಲ ಮುಚ್ಚಿದರೆ ಸುರಕ್ಷಿತ ಅಲ್ವಾ, ಮತ್ತೆ ಉಬುಂಟು ಯಾಕೆ ಹಾಗೆ ಮಾಡಿತು ಅಂತ ಕೇಳಬಹುದು. ದೂರದ ಸರ್ವರನ್ನು ನಾವು ಮುಟ್ಟುವುದು ಎಸ್‌ಎಸ್‌ಎಚ್ ಎಂಬ ದಾರಿಯಿಂದ, 22ನೇ ಬಾಗಿಲಿನ ಮೂಲಕ. ಅದನ್ನೂ ಮುಚ್ಚಿಬಿಟ್ಟರೆ ಮಾಲೀಕನೇ ಹೊರಗೆ. ಮನೆಯ ಲ್ಯಾಪ್‌ಟಾಪಾದರೆ ಎದ್ದು ಹೋಗಿ ಸರಿಮಾಡಬಹುದು, ಬಾಡಿಗೆಯ ಸರ್ವರ್ ಸಿಂಗಾಪುರದಲ್ಲಿದ್ದರೆ? ನಿಕ್ಸ್‌ಓಎಸ್ ಇದಕ್ಕೊಂದು ಒಪ್ಪಂದ ಮಾಡಿಕೊಂಡಿದೆ. ನೀವು ಎಸ್‌ಎಸ್‌ಎಚ್ ಬೇಕು ಅಂತ ಬರೆದ ತಕ್ಷಣ 22ನೇ ಬಾಗಿಲನ್ನು ತಾನೇ ತೆರೆಯುತ್ತದೆ. ಜೆಲ್ಲಿಫಿನ್ ಬೇಕು ಅಂದರೆ ಮಾತ್ರ ತೆರೆಯುವುದಿಲ್ಲ. "ಬಾಗಿಲನ್ನೂ ತೆರೆ" ಅಂತ ಇನ್ನೊಂದು ಸಾಲು ಕೇಳುತ್ತದೆ. ಎರಡಕ್ಕೂ ಒಂದೇ ನಿಯಮ ಇಟ್ಟಿಲ್ಲ. ಎಸ್‌ಎಸ್‌ಎಚ್ ಬಾಗಿಲು ಮುಚ್ಚಿದ್ದರೆ ಒಳಗೆ ಹೋಗಿ ತೆರೆಯಲು ದಾರಿಯೇ ಇಲ್ಲ. ಜೆಲ್ಲಿಫಿನ್ ಬಾಗಿಲು ಮುಚ್ಚಿದ್ದರೆ ಪರದೆ ಮೇಲೆ ಏನೂ ಬರುವುದಿಲ್ಲ, ನೀವು ಬೈದುಕೊಂಡು ಒಂದು ಸಾಲು ಬರೆಯುತ್ತೀರಿ, ಅಷ್ಟೇ.

ತೆರೆದಿಟ್ಟು ಕೆಟ್ಟವರ ಕಥೆ ಬೇಕಾದಷ್ಟಿದೆ. ಮಾಂಗೋಡಿಬಿ ಎಂಬ ಡೇಟಾಬೇಸನ್ನು ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಸಾವಿರಾರು ಸರ್ವರ್‌ಗಳಿಗೆ 2017ರ ಜನವರಿಯಲ್ಲಿ ಕಳ್ಳರು ನುಗ್ಗಿದರು. ಡೇಟಾ ಅಳಿಸಿ, ವಾಪಸ್ ಬೇಕಾದರೆ ದುಡ್ಡು ಕೊಡಿ ಅಂತ ಚೀಟಿ ಬಿಟ್ಟು ಹೋದರು. ಅದೇ ವರ್ಷದ ಕೊನೆಗೆ ಬಂದ 3.6ನೇ ಆವೃತ್ತಿಯಿಂದ ಮಾಂಗೋಡಿಬಿ ತಾನಿರುವ ಯಂತ್ರದ ಒಳಗಿನಿಂದ ಬಂದ ಕರೆಗಳನ್ನಷ್ಟೇ ಕೇಳಿಸಿಕೊಳ್ಳುವುದನ್ನು ಡೀಫಾಲ್ಟ್ ಮಾಡಿತು. ಹೊರಗಿನವರು ಬೇಕಿದ್ದರೆ ಮಾಲೀಕ ಬರೆದು ಹೇಳಬೇಕು. ಅದಕ್ಕೆ ಮುಂಚಿನ ವರ್ಷ, 2016ರಲ್ಲಿ, ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನ ತುಂಬ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದು ಹಾಕಿತ್ತು. ಅದರ ಆಯುಧ ಏನು ಗೊತ್ತಾ? ಕಾರ್ಖಾನೆಯಿಂದಲೇ ಬಂದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳ ಒಂದು ಪಟ್ಟಿ. 60ರ ಆಸುಪಾಸು ಜೋಡಿಗಳು, ಅಷ್ಟೇ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ವರ್ಷಗಟ್ಟಲೆ ಬಳಕೆದಾರ 'ಪೈ', ಪಾಸ್‌ವರ್ಡ್ 'ರಾಸ್ಪ್‌ಬೆರಿ' ಅಂತಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ಈಗ ಹೆಸರು, ಪಾಸ್‌ವರ್ಡ್ ಎರಡನ್ನೂ ಮೊದಲ ಸಲವೇ ಕೇಳುತ್ತದೆ.

ಪಾಸ್‌ವರ್ಡ್ ಬಗ್ಗೆ ಇನ್ನೊಂದು ಮಾತು. ಎಸ್‌ಎಸ್‌ಎಚ್‌ನಲ್ಲಿ ಎರಡು ಥರದ ಪ್ರವೇಶ ಇದೆ: ಪಾಸ್‌ವರ್ಡ್ ಟೈಪ್ ಮಾಡುವುದು, ಅಥವಾ ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಕೀ ಎಂಬ ಗುಟ್ಟಿನ ಫೈಲನ್ನು ಬಳಸುವುದು. ಪಾಸ್‌ವರ್ಡನ್ನು ಊಹಿಸಿ ಊಹಿಸಿ ಒಳನುಗ್ಗಬಹುದು, ಕೀಯನ್ನು ಊಹಿಸಲು ಸಾಧ್ಯವಿಲ್ಲ. 2015ರಲ್ಲಿ ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ 7.0 ಆವೃತ್ತಿ ಬಂದಾಗ ಯಜಮಾನ ಖಾತೆಯಾದ ರೂಟ್‌ಗೆ ಪಾಸ್‌ವರ್ಡ್ ಪ್ರವೇಶವನ್ನು ಡೀಫಾಲ್ಟ್ ಆಗಿ ನಿಲ್ಲಿಸಿದರು. ಉಳಿದ ಖಾತೆಗಳಿಗೆ ಪಾಸ್‌ವರ್ಡ್ ಇನ್ನೂ ನಡೆಯುತ್ತದೆ, ನಿಕ್ಸ್‌ಓಎಸ್‌ನಲ್ಲೂ ಅದೇ. ಎಸ್‌ಆರ್‌ವಿಓಎಸ್ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ ಪಾಸ್‌ವರ್ಡ್ ಪ್ರವೇಶವನ್ನೇ ಪೂರ್ತಿ ಮುಚ್ಚುತ್ತದೆ. ಸರ್ವರ್ ನಡೆಸುವವರ ಬಳಿ ಕೀ ಇದ್ದೇ ಇರುತ್ತದೆ ಅನ್ನುವುದು ಅದರ ಲೆಕ್ಕ. ಮೊದಲ ಸಲ ಲಿನಕ್ಸ್ ಹಾಕುವವರಿಗೆ ಆ ಲೆಕ್ಕ ಹೊಂದುವುದಿಲ್ಲ. ಅದಕ್ಕೇ ಅದು ನಿಕ್ಸ್‌ಓಎಸ್‌ನ ಒಳಗಿಲ್ಲ, ಬೇಕಾದವರು ತಂದುಕೊಳ್ಳುವ ಕಟ್ಟಿನಲ್ಲಿದೆ.

ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರನ್ನು ಉಬುಂಟುವಿನಲ್ಲಿ ಬಳಸುವವರಿಗೆ ಇಲ್ಲೊಂದು ಗುಂಡಿ ಇದೆ. ಡಾಕರ್ ಒಂದು ಪೋರ್ಟನ್ನು ಹೊರಗೆ ತೆರೆದಾಗ, ಬೇರೇನೂ ಹೇಳದಿದ್ದರೆ ಎಲ್ಲ ದಿಕ್ಕಿಗೂ ತೆರೆಯುತ್ತದೆ, ಅದೂ ಯುಎಫ್‌ಡಬ್ಲ್ಯು ಕಣ್ಣಿಗೆ ಬೀಳದ ಹಿತ್ತಲ ದಾರಿಯಿಂದ. ಫೈರ್‌ವಾಲ್ ಪಟ್ಟಿಯಲ್ಲಿ "ಬಂದ್" ಅಂತಲೇ ಕಾಣುತ್ತದೆ, ಬಾಗಿಲು ಮಾತ್ರ ತೆರೆದಿರುತ್ತದೆ. ಎರಡು ತಂತ್ರಾಂಶಗಳ ಡೀಫಾಲ್ಟ್‌ಗಳು ಒಂದೊಂದೂ ಸರಿ ಇದ್ದು, ಜೋಡಿಯಾದಾಗ ಕೆಡುವುದು ಅಂದರೆ ಇದು.

ಎದುರಿಗೆ ಯಾರೂ ಕೂತಿಲ್ಲ

ಡೆಸ್ಕ್‌ಟಾಪಿಗೂ ಸರ್ವರ್‌ಗೂ ಇರುವ ದೊಡ್ಡ ವ್ಯತ್ಯಾಸ ವೇಗವಲ್ಲ, ಮೆಮೊರಿಯಲ್ಲ. ಡೆಸ್ಕ್‌ಟಾಪಿನ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಸರ್ವರ್ ಎದುರಿಗೆ ಯಾರೂ ಇಲ್ಲ.

ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗುತ್ತದೆ ಅಂದುಕೊಳ್ಳಿ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆ ಯುಪಿಎಸ್ ಕೆಲಸ ಮಾಡಿ ಕೈಚೆಲ್ಲುತ್ತದೆ. (ಆ ಬ್ಯಾಟರಿ ಊದಿಕೊಂಡಿದೆಯೇ ಅಂತ ಆಗಾಗ ನೋಡುತ್ತಿರಿ. ಇದಕ್ಕೆ ಯಾವ ಡೀಫಾಲ್ಟೂ ಇಲ್ಲ.) ಬೆಳಿಗ್ಗೆ ಕರೆಂಟ್ ಬಂತು, ಯಂತ್ರ ಆನ್ ಆಯಿತು. ಆದರೆ ಅದಕ್ಕೆ ಚುಚ್ಚಿದ್ದ ಹೊರಗಿನ ಯುಎಸ್‌ಬಿ ಡಿಸ್ಕ್ ಏಳಲಿಲ್ಲ. ಲಿನಕ್ಸ್ ಆ ಡಿಸ್ಕಿಗಾಗಿ 90 ಸೆಕೆಂಡ್ ಕಾಯುತ್ತದೆ. ಬರಲಿಲ್ಲ ಅಂದರೆ ತುರ್ತು ಸ್ಥಿತಿಗೆ, ಅಂದರೆ ಎಮರ್ಜೆನ್ಸಿ ಮೋಡಿಗೆ, ಹೋಗಿ ಕೀಬೋರ್ಡ್ ಮುಂದೆ ಯಾರಾದರೂ ಬಂದು ಸರಿಮಾಡಲಿ ಅಂತ ಕೂರುತ್ತದೆ. ನೆಟ್‌ವರ್ಕ್ ಇಲ್ಲ, ಎಸ್‌ಎಸ್‌ಎಚ್ ಇಲ್ಲ. ಡಿಸ್ಕ್ ಅರ್ಧಂಬರ್ಧ ಇರುವಾಗ ಮುಂದುವರಿದು ಡೇಟಾ ಕೆಡಿಸುವ ಬದಲು ನಿಂತು ಕಾಯುವುದು ಜಾಣತನ. ಆದರೆ ಕಾಯುವುದು ಯಾರಿಗಾಗಿ? ನೀವು ಮೈಸೂರಿನಲ್ಲಿ ಮದುವೆಯಲ್ಲಿದ್ದೀರಿ.

ಅದಕ್ಕೇ ಹೆಡ್‌ಲೆಸ್ ಕಟ್ಟೂ ಎಸ್‌ಆರ್‌ವಿಓಎಸ್ಸೂ ಎಮರ್ಜೆನ್ಸಿ ಮೋಡನ್ನು ಆಫ್ ಮಾಡುತ್ತವೆ. ಸಿಕ್ಕಷ್ಟು ಭಾಗದೊಂದಿಗೆ ಎದ್ದು ನಿಂತರೆ, ಎಸ್‌ಎಸ್‌ಎಚ್ ಮೂಲಕ ಒಳಹೋಗಿ ಏನಾಯಿತೆಂದು ನೋಡಲು ಆಗುತ್ತದೆ. ಬೇರೆ ಲಿನಕ್ಸ್ ಬಳಸುವವರು ಡಿಸ್ಕುಗಳ ಪಟ್ಟಿ ಇರುವ ಸೆಟ್ಟಿಂಗ್ ಫೈಲಿನಲ್ಲಿ ಹೊರಗಿನ ಡಿಸ್ಕಿನ ಸಾಲಿಗೆ 'ನೋಫೇಲ್' ಎಂಬ ಒಂದು ಪದ ಸೇರಿಸಿದರೆ ಅದೊಂದು ಡಿಸ್ಕಿನ ಮಟ್ಟಿಗೆ ಇದೇ ಫಲ ಸಿಗುತ್ತದೆ.

ಇದೇ ಜಾತಿಯ ಇನ್ನೊಂದು ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್ ದೊಡ್ಡ ತಪ್ಪಿಗೆ ಸಿಕ್ಕಿ ಪ್ಯಾನಿಕ್ ಆದರೆ, ಕರ್ನಲ್‌ನ ಮೂಲ ಡೀಫಾಲ್ಟ್ ಪ್ರಕಾರ ಅಲ್ಲೇ ನಿಂತುಬಿಡುತ್ತದೆ, ರೀಸ್ಟಾರ್ಟ್ ಆಗುವುದಿಲ್ಲ. ಪರದೆ ಮೇಲಿನ ತಪ್ಪಿನ ಸಂದೇಶವನ್ನು ಯಾರಾದರೂ ಓದಲಿ ಅಂತ. ಓದುವವರಿಲ್ಲದ ಕಡೆ ಹೆಡ್‌ಲೆಸ್ ಕಟ್ಟು ಅದನ್ನು "1 ಸೆಕೆಂಡ್ ಬಿಟ್ಟು ರೀಬೂಟ್" ಅಂತ ಬದಲಿಸುತ್ತದೆ. ಪ್ಯಾನಿಕ್ ಕೂಡ ಆಗದೆ ಯಂತ್ರ ಸುಮ್ನೆ ಹೆಪ್ಪುಗಟ್ಟಿದರೆ? ಅದಕ್ಕೆ ವಾಚ್‌ಡಾಗ್ ಇದೆ. ಅದು ಬಹಳ ಬೋರ್ಡುಗಳಲ್ಲಿ ಇರುವ ಒಂದು ಪುಟ್ಟ ಟೈಮರ್. ಸಿಸ್ಟಮ್‌ಡಿ ಅದಕ್ಕೆ ಆಗಾಗ "ಇದ್ದೀನಿ" ಅಂತ ಹೇಳುತ್ತಿರಬೇಕು. ದನಿ ನಿಂತರೆ ವಾಚ್‌ಡಾಗ್ ಕೈಹಾಕಿ ರೀಸೆಟ್ ಮಾಡುತ್ತದೆ. ಡೆಸ್ಕ್‌ಟಾಪಿನಲ್ಲಿ ಇದು ಬೇಡ, ಪವರ್ ಬಟನ್ ಒತ್ತಲು ನೀವೇ ಇದ್ದೀರಿ. ಸಿಸ್ಟಮ್‌ಡಿಯಲ್ಲಿ ಮಾಮೂಲಾಗಿ ಆಫ್ ಇರುವ ಇದನ್ನು ಎಸ್‌ಆರ್‌ವಿಓಎಸ್ ಆನ್ ಮಾಡುತ್ತದೆ. ಯಂತ್ರ ಮಲಗುವುದನ್ನೂ ಅದೇ ನಿಲ್ಲಿಸುತ್ತದೆ. ನನ್ನ ಮುಚ್ಚಳದ ಪುರಾಣಕ್ಕೆ ಮುಂಚೆ ಇದನ್ನು ಓದಿದ್ದರೆ ಕಪಾಟಿಗೆ ಹತ್ತಿಳಿಯುವುದು ತಪ್ಪುತ್ತಿತ್ತು.

ಅಟ್ಟ ತುಂಬುವ ಬಗೆ

ಸರ್ವರ್‌ಗಳು ಕೆಡುವುದಕ್ಕೆ ಹ್ಯಾಕರುಗಳೇ ಬರಬೇಕಿಲ್ಲ, ಡಿಸ್ಕ್ ತುಂಬಿದರೆ ಸಾಕು. ಇದನ್ನು ಊಹಿಸಿ ಇಟ್ಟ ಹಳೇ ಡೀಫಾಲ್ಟ್‌ಗಳು ಲಿನಕ್ಸ್‌ನಲ್ಲಿ ಕೆಲವಿವೆ. ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ಶೇ 5ರಷ್ಟು ಜಾಗವನ್ನು ರೂಟ್ ಖಾತೆಗಾಗಿ ತೆಗೆದಿಡುತ್ತದೆ. ಎಲ್ಲ ತುಂಬಿದರೂ ಯಜಮಾನ ಒಳಗೆ ಬಂದು ಗುಡಿಸಲಿ ಅಂತ. ಫೋಟೋ ತುಂಬುವ 4 ಟಿಬಿ ಡಿಸ್ಕಿನಲ್ಲಿ ಅದೇ ಶೇ 5 ಅಂದರೆ 200 ಜಿಬಿ, ಸುಮ್ನೆ ಕೂತಿರುತ್ತದೆ. ಯಂತ್ರದಲ್ಲಿ ನಡೆದದ್ದನ್ನು ಬರೆದಿಡುವ ಸಿಸ್ಟಮ್‌ಡಿಯ ಲಾಗ್ ಪುಸ್ತಕ ಡಿಸ್ಕಿನ ಶೇ 10ರವರೆಗೆ, ಹೆಚ್ಚೆಂದರೆ 4 ಜಿಬಿವರೆಗೆ ಬೆಳೆಯುತ್ತದೆ, ಆಮೇಲೆ ಹಳೆಯ ಹಾಳೆ ಹರಿಯುತ್ತದೆ. ಎರಡನೆಯದು ಹೆಚ್ಚು ಜಾಣ ಡೀಫಾಲ್ಟ್. ಡಿಸ್ಕ್ ಚಿಕ್ಕದಿದ್ದರೆ ಶೇಕಡಾ ಲೆಕ್ಕ, ದೊಡ್ಡದಿದ್ದರೆ ಮೇಲ್ಮಿತಿ, ಎರಡೂ ಇದೆ.

ನಿಕ್ಸ್‌ಓಎಸ್‌ನದು ಬೇರೆ ತಾಪತ್ರಯ. ಹಳೇ ವ್ಯವಸ್ಥೆಗಳನ್ನು ಪಕ್ಕಕ್ಕಿಡುತ್ತದೆ ಅಂದೆನಲ್ಲ, ಅವು ತಾವಾಗಿ ಹೋಗುವುದಿಲ್ಲ. ಕಸ ಗುಡಿಸುವುದು ಡೀಫಾಲ್ಟ್ ಆಗಿ ಆಫ್. ಬೂಟ್ ಮೆನುವಿಗೂ ಸಾಮಾನ್ಯವಾಗಿ ಮಿತಿ ಇಲ್ಲ. ಬೂಟ್ ವಿಭಾಗ ಚಿಕ್ಕದಾಗಿದ್ದರೆ ಒಂದು ದಿನ ಹೊಸ ಕರ್ನಲ್ ಇಡಲು ಜಾಗವಿಲ್ಲದೆ ಅಪ್‌ಡೇಟ್ ನಿಂತುಹೋಗುತ್ತದೆ. ಯಾಕೆ ಗುಡಿಸುವುದಿಲ್ಲ? ಅಳಿಸಿದ ಹಳೇ ವ್ಯವಸ್ಥೆಗೆ ಹಿಂದಿರುಗಲು ಆಗುವುದಿಲ್ಲ, ಮುಳುಗಿಸಿದ ವಡೆಯ ಹಾಗೆ. ತುಂಬಿದ ಡಿಸ್ಕನ್ನು ಖಾಲಿ ಮಾಡಬಹುದು. ಸರ್ವರ್‌ಗೆ ಮಧ್ಯದ ದಾರಿ: 30 ದಿನಕ್ಕಿಂತ ಹಳೆಯದನ್ನು ವಾರಕ್ಕೊಮ್ಮೆ ಗುಡಿಸು, ಮೆನುವಿನಲ್ಲಿ ಹತ್ತು ಸಾಲು ಸಾಕು.

ಗಡಿಯಾರ

ನಿಕ್ಸ್‌ಓಎಸ್‌ನಲ್ಲಿ ಏನೂ ಹೇಳದಿದ್ದರೆ ಸಮಯ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ. ಬೇರೆ ಬೇರೆ ದೇಶದ ಸರ್ವರ್‌ಗಳ ಲಾಗ್‌ಗಳನ್ನು ಒಟ್ಟಿಗಿಟ್ಟು ನೋಡುವವರಿಗೆ ಇದು ವರ. ಒಂದೇ ಲ್ಯಾಪ್‌ಟಾಪ್, ಒಂದೇ ಮನೆ ಇದ್ದವರು ಧಾರಾಳವಾಗಿ ಭಾರತದ ಸಮಯ ಹಾಕಿಕೊಳ್ಳಬಹುದು. ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಇಡೀ ದೇಶಕ್ಕೆ ಏಷ್ಯಾ ಕೋಲ್ಕತಾ ಒಂದೇ.

ಯಾರ ಮಾತು ನಡೆಯುತ್ತದೆ?

ಇಲ್ಲಿವರೆಗೆ ಯಾವ ಡೀಫಾಲ್ಟ್ ಒಳ್ಳೆಯದು ಅಂತ ನೋಡಿದೆವು. ಆದರೆ ತಿದ್ದಬಹುದಾದ ವ್ಯವಸ್ಥೆಯಲ್ಲಿ ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಡೀಫಾಲ್ಟ್ ಒಂದು ಹೇಳಿತು, ಸಿದ್ಧ ಕಟ್ಟು ಇನ್ನೊಂದು ಹೇಳಿತು, ನೀವು ಮತ್ತೊಂದು ಬರೆದಿರಿ. ಗೆಲ್ಲುವುದು ಯಾರು?

ಮದುವೆ ಅಡುಗೆಗೇ ವಾಪಸ್ ಬರೋಣ. ಯಾರೂ ಏನೂ ಹೇಳದಿದ್ದರೆ ಭಟ್ಟರು ತಮ್ಮ ರೂಢಿಯಂತೆ ಅಡುಗೆ ಮಾಡುತ್ತಾರೆ. ಛತ್ರದವರ ಮೆನು ಇದ್ದರೆ ರೂಢಿ ಬಿಟ್ಟು ಅದರಂತೆ. ಮನೆಯವರು ಬಾಯಿಬಿಟ್ಟರೆ ಮೆನು ಪಕ್ಕಕ್ಕೆ. ಆದರೆ "ಬೆಳ್ಳುಳ್ಳಿ ಹಾಕಲೇಬಾರದು" ಅಂತ ಅಜ್ಜಿ ಹಟ ಹಿಡಿದರೆ ಎಲ್ಲರೂ ತೆಪ್ಪಗೆ. ನಿಕ್ಸ್‌ಓಎಸ್ ಈ ನಾಲ್ಕು ಮೆಟ್ಟಿಲಿಗೆ ನಿಜಕ್ಕೂ ಅಂಕಿ ಕೊಟ್ಟಿದೆ. ಆಯ್ಕೆಯ ಮೂಲ ಡೀಫಾಲ್ಟ್‌ಗೆ 1500. 'ಎಂಕೆಡೀಫಾಲ್ಟ್' ಅಂತ ಗುರುತು ಹಾಕಿ ಬರೆದದ್ದಕ್ಕೆ 1000. ಏನೂ ಗುರುತಿಲ್ಲದೆ ಬರೆದದ್ದಕ್ಕೆ 100. 'ಎಂಕೆಫೋರ್ಸ್' ಅಂತ ಬರೆದ ಅಜ್ಜಿಯ ಹಟಕ್ಕೆ 50. ಅಂಕಿ ಕಡಿಮೆ ಇದ್ದಷ್ಟೂ ಬಲ ಜಾಸ್ತಿ.

ಸಿದ್ಧ ಕಟ್ಟು ಬರೆಯುವವರ ಸೌಜನ್ಯ ಇರುವುದು ಇಲ್ಲೇ. ಸಮಯ ಯುಟಿಸಿ ಇರಲಿ ಅನ್ನುವುದನ್ನು ಅವರು 1000ದ ಮೆಟ್ಟಿಲಿನಲ್ಲಿ ಬರೆದರೆ, ನೀವು ಮಾಮೂಲಾಗಿ ಏಷ್ಯಾ ಕೋಲ್ಕತಾ ಅಂದ ಕೂಡಲೇ ನಿಮ್ಮ ಮಾತೇ ನಡೆಯುತ್ತದೆ. ಅವರೂ 100ರಲ್ಲಿ ಬರೆದರೆ? ಗಂಡಿನವರು ಹೋಳಿಗೆ ಅಂದರು, ಹೆಣ್ಣಿನವರು ಚಿರೋಟಿ ಅಂದರು ಅನ್ನುವ ಸ್ಥಿತಿ. ನಿಕ್ಸ್‌ಓಎಸ್ ಯಾರ ಪರವೂ ವಹಿಸದೆ ಕೆಲಸ ನಿಲ್ಲಿಸಿ, ಯಾವ ಫೈಲ್ ಏನು ಹೇಳಿತು ಅಂತ ಎರಡರ ಹೆಸರೂ ತೋರಿಸುತ್ತದೆ. ಕಿರಿಕಿರಿ ಹೌದು. ಆದರೆ ಕೊನೆಗೆ ಯಾವುದು ನಡೆಯಿತು ಅಂತ ಗೊತ್ತಾಗದೇ ಹೋಗುವುದಕ್ಕಿಂತ ವಾಸಿ.

ಪಟ್ಟಿಗಳ ವಿಷಯದಲ್ಲಿ ನಿಯಮ ಬೇರೆ. ತೆರೆಯಬೇಕಾದ ಪೋರ್ಟ್‌ಗಳನ್ನು ಇಬ್ಬರೂ ಒಂದೇ ಮೆಟ್ಟಿಲಿನಲ್ಲಿ ಬರೆದರೆ ಹೋಳಿಗೆಯೂ ಇರಲಿ, ಚಿರೋಟಿಯೂ ಇರಲಿ ಅಂತ ಕೂಡಿಸಿಬಿಡುತ್ತದೆ. ಇದರಲ್ಲೇ ಒಂದು ಬಲೆ ಇದೆ. ಕಟ್ಟು ಬರೆದವರು ಸೌಜನ್ಯದಿಂದ 22ನೇ ಪೋರ್ಟನ್ನು 1000ದಲ್ಲಿ ಬರೆದರು ಅಂದುಕೊಳ್ಳಿ. ನೀವು 8080 ಸೇರಿಸೋಣ ಅಂತ ಮಾಮೂಲಾಗಿ ಬರೆಯುತ್ತೀರಿ. ಮೆಟ್ಟಿಲು ಬೇರೆಯಾದ್ದರಿಂದ ಕೂಡುವುದಿಲ್ಲ, ಕಡಿಮೆ ಬಲದ ಪಟ್ಟಿ ಇಡಿಯಾಗಿ ಬಿದ್ದುಹೋಗುತ್ತದೆ. 8080 ತೆರೆಯಿತು, 22 ಮುಚ್ಚಿತು, ನೀವು ಹೊರಗೆ. ಹೀಗಾಗಿ ನಿಕ್ಸ್‌ಓಎಸ್‌ನ ಎಸ್‌ಎಸ್‌ಎಚ್ ಭಾಗ ತನ್ನ ಪೋರ್ಟನ್ನು ಗುರುತಿಲ್ಲದೆ, ಕೂಡಿಕೊಳ್ಳುವ ಮೆಟ್ಟಿಲಿನಲ್ಲೇ ಬರೆದಿದೆ. ಒಂದೇ ಬೆಲೆಯ ಸಂಗತಿಗೆ ಸೌಜನ್ಯ, ಪಟ್ಟಿಗೆ ಜೊತೆಗೂಡುವುದು. ಹೊಸ ಕಟ್ಟು ಬರೆಯುವವರು ಬಹಳ ಸಲ ಎಡವುವುದು ಇಲ್ಲಿ.

ಫೈರ್‌ವಾಲ್ ಮುಟ್ಟುವಾಗ ಭಯ ಇದ್ದರೆ ನಿಕ್ಸ್‌ಓಎಸ್‌ನಲ್ಲಿ ಹೊಸ ಪಟ್ಟಿಯನ್ನು ಜಾರಿ ಮಾಡುವ ಮಾಮೂಲಿ 'ಸ್ವಿಚ್' ಬದಲು 'ಟೆಸ್ಟ್' ಅಂತ ಆದೇಶ ಕೊಡಿ. ಬದಲಾವಣೆ ಈಗಲೇ ಜಾರಿಯಾಗುತ್ತದೆ, ಬೂಟ್ ಮೆನುವಿಗೆ ಹೋಗುವುದಿಲ್ಲ. ಹೊರಗೆ ಸಿಕ್ಕಿಹಾಕಿಕೊಂಡರೆ ಬಾಡಿಗೆ ಕೊಟ್ಟವರ ವೆಬ್‌ಸೈಟಿನಿಂದ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಹಳೆಯದೇ ಎದ್ದು ಬರುತ್ತದೆ.

ಬೇರೆ ಲಿನಕ್ಸ್‌ಗಳಲ್ಲೂ ಈ ಮೆಟ್ಟಿಲುಗಳಿವೆ, ಅಷ್ಟು ಸ್ಪಷ್ಟವಾಗಿಲ್ಲ. ಸಿಸ್ಟಮ್‌ಡಿಯ ಸೆಟ್ಟಿಂಗ್‌ಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಓದಿದ ಮಾತು ಗೆಲ್ಲುತ್ತದೆ. ಎಸ್‌ಎಸ್‌ಎಚ್ ಸರ್ವರ್‌ನ ಫೈಲಿನಲ್ಲಿ ಮೊದಲು ಓದಿದ ಮಾತು ಗೆಲ್ಲುತ್ತದೆ. ಈ ತಿರುಗುಮುರುಗಿನಿಂದ ಉಬುಂಟು ಬಾಡಿಗೆ ಸರ್ವರ್‌ಗಳಲ್ಲಿ ಒಂದು ತಮಾಷೆ ನಡೆಯುತ್ತದೆ. ನೀವು ಮುಖ್ಯ ಫೈಲಿನಲ್ಲಿ ಪಾಸ್‌ವರ್ಡ್ ಪ್ರವೇಶ ಬೇಡ ಅಂತ ಬರೆಯುತ್ತೀರಿ. ಆದರೆ ಸರ್ವರ್ ಸಿದ್ಧಪಡಿಸುವ ಕ್ಲೌಡ್‌ಇನಿಟ್, 50ನೇ ನಂಬರಿನ ಒಂದು ಪುಟ್ಟ ಫೈಲಿನಲ್ಲಿ "ಇರಲಿ" ಅಂತ ಬರೆದಿಟ್ಟಿರಬಹುದು. ಮುಖ್ಯ ಫೈಲ್ ಆ ಪುಟ್ಟ ಫೈಲುಗಳನ್ನು ತನ್ನ ಮೊದಲಲ್ಲೇ ಕರೆಯುತ್ತದೆ. ಮೊದಲ ಮಾತು ಅದರದ್ದಾಯಿತು, ನಿಮ್ಮದು ಕೇಳಿಸಲೇ ಇಲ್ಲ. ಏನು ಬರೆದಿದ್ದೀರಿ ಅಂತ ನೋಡುವುದಕ್ಕಿಂತ ಕೊನೆಗೆ ಏನು ಉಳಿಯಿತು ಅಂತ ನೋಡುವುದು ಒಳ್ಳೆಯದು. ಎಸ್‌ಎಸ್‌ಎಚ್ ಸರ್ವರ್‌ಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟು ಓಡಿಸಿದರೆ ಅದು ನಿಜವಾಗಿ ಪಾಲಿಸುವ ಪಟ್ಟಿಯನ್ನು ಹೇಳುತ್ತದೆ.

ಡೀಫಾಲ್ಟ್‌ಗೂ ವಯಸ್ಸಾಗುತ್ತದೆ

ಸರ್ವರ್ ಬಾಗಿಲಿನಲ್ಲಿ ಒಳಬರಲು ಕಾಯುವ ಸಂಪರ್ಕಗಳ ಸಾಲಿಗೆ ಕರ್ನಲ್‌ನಲ್ಲಿ ಒಂದು ಮಿತಿ ಇದೆ. ಬಹಳ ಕಾಲ ಅದು 128 ಇತ್ತು. 2019ರಲ್ಲಿ ಬಂದ 5.4ನೇ ಕರ್ನಲ್ ಅದನ್ನು 4096ಕ್ಕೆ ಏರಿಸಿತು. ಅದನ್ನು ಏರಿಸಿ ಅಂತ ಹೇಳುವ ಹಳೇ ಸಲಹೆಗಳು ಇಂಟರ್ನೆಟ್ಟಿನಲ್ಲಿ ಇನ್ನೂ ಓಡಾಡುತ್ತಿವೆ. ಕೆಲವು ಹೇಳುವ ಅಂಕಿ 1024. ಇವತ್ತು ಅದನ್ನು ಪಾಲಿಸಿದರೆ ಏರಿಸಿದ ಹಾಗಲ್ಲ, ಇಳಿಸಿದ ಹಾಗೆ.

ಸಂಖ್ಯೆ ಬದಲಿಸುವುದು ಸುಲಭ. ಡೇಟಾಬೇಸ್ ಬದಲಿಸುವುದು ಸುಲಭವಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಒಂದು ದೊಡ್ಡ ಆವೃತ್ತಿ ಬರೆದಿಟ್ಟ ಡೇಟಾವನ್ನು ಮುಂದಿನ ಆವೃತ್ತಿ ನೇರವಾಗಿ ಓದುವುದಿಲ್ಲ. ನಿಕ್ಸ್‌ಓಎಸ್ ಹೊಸದಾದಾಗ ಡೀಫಾಲ್ಟ್ ಪೋಸ್ಟ್‌ಗ್ರೆಸ್ಸನ್ನೂ ಸುಮ್ನೆ ಹೊಸದು ಮಾಡಿದರೆ ಎಲ್ಲರ ಡೇಟಾಬೇಸೂ ಒಂದೇ ದಿನ ಕೈಕೊಡುತ್ತದೆ. ಅದಕ್ಕೇ ಫೈಲಿನಲ್ಲಿ 'ಸ್ಟೇಟ್‌ವರ್ಶನ್' ಎಂಬ ಒಂದು ಸಾಲು ಇರುತ್ತದೆ. ಈ ಯಂತ್ರ ಮೊದಲು ಯಾವ ಆವೃತ್ತಿಯಲ್ಲಿ ಹುಟ್ಟಿತು ಅಂತ ಅದು ಹೇಳುತ್ತದೆ. ಇಂಥ ನಾಜೂಕು ಡೀಫಾಲ್ಟ್‌ಗಳು ಆ ಸಾಲನ್ನು ನೋಡಿ ಹಳೆಯದನ್ನೇ ಹಿಡಿಯುತ್ತವೆ. ಹೊಸಬರು ಅದನ್ನು ನೋಡಿ "ಅಯ್ಯೋ, ಹಳೇದಾಯ್ತು" ಅಂತ ಅಪ್‌ಡೇಟ್ ಜೊತೆಗೇ ಏರಿಸಿಬಿಡುತ್ತಾರೆ. ಏರಿಸಬಾರದು. ಅದು ಜನ್ಮದಿನಾಂಕ, ವಯಸ್ಸಲ್ಲ.

ಕೇಳಲೇಬೇಕಾದವು

ಇನ್ನು ಕೆಲವಕ್ಕೆ ಸರಿಯಾದ ಡೀಫಾಲ್ಟೇ ಇಲ್ಲ. ಯುಎಫ್‌ಡಬ್ಲ್ಯು ಆನ್ ಮಾಡಲು ಹೋದರೆ, ಈಗಿನ ಎಸ್‌ಎಸ್‌ಎಚ್ ಸಂಪರ್ಕ ಕಡಿಯಬಹುದು, ಮುಂದುವರಿಯಲೇ ಅಂತ ಕೇಳುತ್ತದೆ. ವೆಬ್‌ಸೈಟಿನ ಸಂಪರ್ಕಕ್ಕೆ ಬೀಗ ಹಾಕಲು ಬೇಕಾದ ಉಚಿತ ಸರ್ಟಿಫಿಕೇಟ್ ತರಿಸಲು ನಿಕ್ಸ್‌ಓಎಸ್‌ಗೆ ಹೇಳಿದರೆ, ಕೊಡುವವರ ಷರತ್ತು ಒಪ್ಪಿದ್ದೇನೆ ಅಂತ ನೀವೇ ಬರೆಯಬೇಕು. ನಿಮ್ಮ ಪರವಾಗಿ ಸಹಿ ಹಾಕುವುದು ಡೀಫಾಲ್ಟ್‌ನ ಕೆಲಸವಲ್ಲ.

ನನಗೆ ಹೆಚ್ಚು ಹಿಡಿಸಿದ್ದು ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶಕ್ಕೆ ನಿಕ್ಸ್‌ಓಎಸ್ ಬರೆದಿರುವ ಭಾಗ. ಯಾವಾಗ ಬ್ಯಾಕಪ್ ಮಾಡಬೇಕು ಅಂತ ನೀವು ಹೇಳದಿದ್ದರೆ ಪ್ರತಿದಿನ ನಡುರಾತ್ರಿ ಅಂತ ತಾನೇ ತೀರ್ಮಾನಿಸುತ್ತದೆ. ಗಡಿಯಾರ ಯುಟಿಸಿಯಲ್ಲಿದ್ದರೆ ಅದು ನಮ್ಮ ಬೆಳಗಿನ ಐದೂವರೆ. ಆ ಹೊತ್ತಿಗೆ ಕರೆಂಟ್ ಇಲ್ಲದೆ ಯಂತ್ರ ಆಫ್ ಆಗಿದ್ದರೆ, ಎದ್ದ ಮೇಲೆ ತಪ್ಪಿಹೋದದ್ದನ್ನು ಮಾಡುತ್ತದೆ. ಎಲ್ಲಿಗೆ ಬ್ಯಾಕಪ್ ಮಾಡಬೇಕು, ಯಾವ ಪಾಸ್‌ವರ್ಡಿನಿಂದ ಬೀಗ ಹಾಕಬೇಕು ಅನ್ನುವುದನ್ನು ಮಾತ್ರ ಖಾಲಿ ಬಿಟ್ಟಿದೆ. ತುಂಬದಿದ್ದರೆ ಇಡೀ ವ್ಯವಸ್ಥೆಯನ್ನು ಕಟ್ಟಲು ಒಪ್ಪುವುದೇ ಇಲ್ಲ.

ಕಪಾಟಿನ ಮೇಲಿನ ಲ್ಯಾಪ್‌ಟಾಪಿಗೆ ಮುಚ್ಚಳದ ಸಾಲು ಬರೆದು ಮುಗಿಸಿದ ದಿನವೇ ಈ ತಪ್ಪಿನ ಸಂದೇಶ ಕಂಡೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಇನ್ನೊಂದು ಡಿಸ್ಕ್ ತರಲು ಅಂಗಡಿಗೆ ಹೊರಟೆ.